ಬೋರಲು ಮಲಗುವ ಅಜ್ಜ

ಈ ಸಂಗತಿಯನ್ನು ಮೊದಲು ಹೇಳಿದವಳು ಇಚಲಕರಂಜಿ ಶಹಾಪುರದ ಸಾವಕ್ಕ. ಹೇಳಿದ್ದು ಎರಡು ಸಾವಿರದ ಇಪ್ಪತ್ತನಾಲ್ಕರ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ಮೊದಲ ದಿನ, ಬಸದಿಯ ಹಿಂದಿನ ಪಡಸಾಲೆಯಲ್ಲಿ. ಅದು ಉತ್ತಮ ಕ್ಷಮೆಯ ದಿನ. ಒಳಗೆ ಪ್ರವಚನ ಆಗತಾನೆ ಮುಗಿದಿತ್ತು. "ಕ್ಷಮಾ ಮಾಡಬೇಕಂತ! ಯಾರಿಗೆ, ಎಷ್ಟ ಸಲ, ಅದನ್ನೂ ಬಿಡಿಸಿ ಹೇಳಬೇಕಿಲ್ಲೇನ್ ಪಂಡಿತರು?" ಎನ್ನುತ್ತ ಆಕೆ ಕಂಬಕ್ಕೆ ಒರಗಿ ಕೂತಳು. ಹತ್ತು ಹನ್ನೆರಡು ಹೆಂಗಸರು ಸುತ್ತ ನೆರೆದರು. ತಂಗಿಯ ಮಗಳು ಹರ್ಷದಾಳ ಬಾಯಿಂದ ತಾನು ಕೇಳಿದ್ದನ್ನು, ಕೇಳಿದ ಕ್ರಮ ತಪ್ಪಿಸದೆ, ಆಕೆ ಹೀಗೆ ಹೇಳಿದಳು.

ಕಾಗದ ಹರ್ಷದಾಳ ಎದೆಗೆ ಬಡಿದು ಕೆಳಗೆ ಬಿತ್ತು.

"ಓದು," ಎಂದಳು ಬಾಗಿಲಿಗೆ ಬಂದ ಮುದುಕಿ ಯಮುನವ್ವ. "ನನಗ ಓದಾಕ ಬರೂದಿಲ್ಲ. ನೀ ಸಾಲಿ ಕಲತಾಕಿ. ಏನ್ ಬರದಿ ಓದು."

ಹಿಂದಿನ ವರ್ಷದ ಚೈತ್ರದ ಬಿಸಿಲು ಹರ್ಷದಾಳ ಮನೆಯ ತಗಡಿನ ಮೇಲೆ ಕಾಯುತ್ತಿತ್ತು. ಅಕ್ಕಪಕ್ಕದ ಮಗ್ಗಗಳ ಸದ್ದಿಗೆ ಇಡೀ ಓಣಿ ನಡುಗುತ್ತಿತ್ತು. ಆ ಸದ್ದನ್ನೂ ಮೀರಿ ಮುದುಕಿಯ ಧ್ವನಿ ಕೇಳಿಸಿತು. ಗಡಹಿಂಗ್ಲಜದ ಆಚೆ, ಗಡಿಗೆ ಹತ್ತಿಕೊಂಡ ಮುಗಳಹಟ್ಟಿಯಿಂದ ಎಸ್‌ಟಿ ಬಸ್ಸಿನ ಮೇಲೆ ಬಸ್ಸು ಬದಲಿಸಿ ಬಂದಿದ್ದಳು. ಕಾಲೊಳಗಿನ ಚಪ್ಪಲಿ ಕಳೆಯದೆ ಹೊಸ್ತಿಲಾಚೆಯೇ ನಿಂತಿದ್ದಳು. ಹರ್ಷದಾ ತಂಬಿಗೆ ನೀರು ಮುಂದೆ ಮಾಡಿದರೆ ಅದರ ಕಡೆ ನೋಡಲಿಲ್ಲ.

ಹರ್ಷದಾ ಕಾಗದ ಎತ್ತಿಕೊಂಡಳು. ತಾನೇ ದಿನವೂ ತುಂಬುವ ಆನ್‌ಲೈನ್ ದಾಖಲೆಯ ಪ್ರಿಂಟು. ಮೇಲೆ ನೋಂದಣಿ ಕ್ರಮಾಂಕ, ಗ್ರಾಮ, ತಾಲೂಕು. ಸ್ಥಳದ ವಿವರದ ಮುಂದೆ ಮರಾಠಿಯಲ್ಲಿ ಎರಡೇ ಮಾತು: 'ಅವಶೇಷ ಕಂಡುಬಂದಿಲ್ಲ. ಸಾಮಾನ್ಯ ಬಂಡೆ.' ತಾರೀಖು ಮಾರ್ಚ್ ಮೂವತ್ತೊಂದು. ಅದರ ಕೆಳಗೆ, ಸರ್ವೇಕ್ಷಕಿ: ಹರ್ಷದಾ ಸಮ್ಮೇದ ಚೌಗುಲೆ.

"ನಾ ಹಿಂಗ ಬರದಿಲ್ರಿ ಆಯಿ."

"ಹೆಸರ ನಿಂದ ಹೌದೋ ಅಲ್ಲೋ?"

"ಹೆಸರ ನಂದ ಹೌದ್ರಿ. ಆದ್ರ..."

"ಆದ್ರ ಗೀದ್ರ ಬ್ಯಾಡ. ಸರಪಂಚ ದಾದಾಸಾಹೇಬ ಮಂದಿ ಕೂಡಿಸಿ ಓದ್ಯಾನ. ಕಾಂಪೂಟರದಾಗ ಬರೇ ಬಂಡಿ ಅಂತ ಐತಿ, ಬಂಡಿ ಕಿತ್ತ ರೋಡ ಅಗಲ ಮಾಡತೇವಿ ಅಂತಾನ. ಸೋಮವಾರ ಜೆಸಿಬಿ ಬರತೈತಿ. ನಮ್ಮ ಮನ್ಯಾಗ ಕೂತ ಮಜ್ಜಿಗಿ ಕುಡದ ಹ್ವಾದಿ. ಹೋಗಿ ನಮ್ಮ ಅಜ್ಜನ್ನ ಬಂಡಿ ಅಂತ ಬರದಿ. ನಿನ್ನ ಬೆರಳಿಗೆ ಹುಳಾ ಬೀಳ್ಲಿ!"

ಅಷ್ಟು ಹೇಳಿ ಯಮುನವ್ವ ತಿರುಗಿ ನಡೆದಳು. ಹರ್ಷದಾ ಓಣಿಯ ತುದಿಯವರೆಗೂ ಬೆನ್ನು ಹತ್ತಿದಳು. ಮುದುಕಿ ಹೊರಳಿ ನೋಡಲಿಲ್ಲ.

ಎರಡು ತಿಂಗಳ ಹಿಂದೆ, ಮಾಘದಲ್ಲಿ, ಅವಳು ಮುಗಳಹಟ್ಟಿಗೆ ಹೋದದ್ದು ನಿಜ. ಜಿಲ್ಲೆಯಲ್ಲಿ ಯಾವ ಪಟ್ಟಿಗೂ ಸೇರದೆ ಉಳಿದ ವೀರಗಲ್ಲು, ಶಾಸನ, ನಿಷಿಧಿ, ಹಾಳುಗುಡಿಗಳನ್ನು ಹುಡುಕಿ ಹೋಗುವುದು, ಅಳೆಯುವುದು, ಚಿತ್ರ ತೆಗೆಯುವುದು, ನಿಂತ ಜಾಗದಿಂದಲೇ ಮೊಬೈಲಿನಲ್ಲಿ ದಾಖಲೆಗೆ ತುಂಬುವುದು ಅವಳ ಕೆಲಸ. ಗುತ್ತಿಗೆ ಹಿಡಿದದ್ದು ಕೊಲ್ಲಾಪುರದ ಒಂದು ಖಾಸಗಿ ಸಂಸ್ಥೆ. ಹರ್ಷದಾ ಒಂದು ಕಲ್ಲನ್ನು ಮೂರು ಸಲ ಅಳೆಯುವವಳು; ಮೂರು ಸಲವೂ ಅಂಕಿ ಒಂದೇ ಬರದಿದ್ದರೆ ನಾಲ್ಕನೆಯ ಸಲ ಟೇಪು ಬಿಚ್ಚುವವಳು. ಜೊತೆಯವರು ದಿನಕ್ಕೆ ಹತ್ತು ಸ್ಥಳ ಮುಗಿಸಿದರೆ ಅವಳದು ನಾಲ್ಕಾದರೆ ಹೆಚ್ಚು.

ಮುಗಳಹಟ್ಟಿಯ ದಾರಿಬದಿಯಲ್ಲಿ, ಬೇವಿನ ಮರದ ಕೆಳಗೆ, ನಿಲ್ಲಿಸಿದರೆ ಎದೆಮಟ್ಟ ಬರುವ ಕಲ್ಲೊಂದು ಬೋರಲು ಬಿದ್ದಿತ್ತು. ಮೇಲೆ ಕಾಣುತ್ತಿದ್ದದ್ದು ಒರಟು ಬೆನ್ನು, ಅದರ ತುಂಬ ಹಳೆಯ ಚಾಣದ ಏಟುಗಳು. ಸುತ್ತಲಿನ ನೆಲವನ್ನು ಯಾರೋ ಆ ಮುಂಜಾನೆಯೇ ಗುಡಿಸಿದ್ದರು. ಬೆನ್ನಿನ ಮೇಲೆ ಒಂದು ಚಿಟಿಕೆ ಭಂಡಾರದ ಅರಿಸಿನವಿತ್ತು.

"ಇದನ್ನ ಹೊಳ್ಳಿಸಬೇಕಾಗತೈತ್ರಿ ಆಯಿ, ಮುಂದಿನ ಮಗ್ಗಲ ಕಾಣಬೇಕು," ಎಂದಿದ್ದಳು ಹರ್ಷದಾ.

"ಈಗ ಬರೂದಿಲ್ಲ ಮಗಳ. ಅಜ್ಜ ಊರಾಗಿಲ್ಲ," ಎಂದಿದ್ದಳು ಯಮುನವ್ವ, ನೆಂಟರ ಮಾತು ಹೇಳಿದಷ್ಟು ಸಹಜವಾಗಿ. "ಕುರಿ ಜೋಡಿ ಹೋಗ್ಯಾನ."

ಅವರ ಮನೆತನದ ರೀತಿ ಅದು. ಕುರಿಗಳನ್ನು ಕಳ್ಳರಿಂದ ಉಳಿಸುತ್ತ ಸತ್ತ ಹಿರಿಯ ಆ ಕಲ್ಲಿನಲ್ಲಿದ್ದಾನೆ. ದೀಪಾವಳಿ ದಾಟಿ ಕುರಿಹಿಂಡು ದೇಶಾಂತರ ಹೊರಡುವ ದಿನ ಕಲ್ಲನ್ನು ಮೋರೆ ಕೆಳಗಾಗಿ ಮಲಗಿಸುತ್ತಾರೆ. ಅಲ್ಲಿಗೆ ಅಜ್ಜ ಹಿಂಡಿನ ಬೆನ್ನು ಹತ್ತಿದ ಹಾಗೆ. ಜೂನಿನಲ್ಲಿ ಮಿರಗದ ಮಳೆ ಹಿಡಿದು ಕುರಿಗಳು ತಿರುಗಿ ಬಂದು ಕಲ್ಲಿನ ಸುತ್ತ ನಿಂತಾಗ ಎಬ್ಬಿಸುತ್ತಾರೆ. ನಡುವೆ ಅವನ ಮೋರೆ ಊರನ್ನು ಕಾಣಬಾರದು. ಕಂಡರೆ ಮನಸ್ಸು ಮನೆಗೆ ಹತ್ತಿಕೊಳ್ಳುತ್ತದೆ. ಅತ್ತ ಹಿಂಡಿಗೆ ಕಾಯುವವನಿಲ್ಲ. ಒಂದು ವರ್ಷ ಯಮುನವ್ವನ ಮಾವ, ಮದುವೆಗೆ ಬಂದ ಬೀಗರಿಗೆ ತೋರಿಸಬೇಕೆಂದು ನಡು ಬೇಸಗೆಯಲ್ಲಿ ಕಲ್ಲೆಬ್ಬಿಸಿದ್ದ. ಅದೇ ವಾರ ನಿಪ್ಪಾಣಿಯ ಹೆದ್ದಾರಿಯಲ್ಲಿ ಟ್ರಕ್ಕು ಹಿಂಡಿನೊಳಗೆ ನುಗ್ಗಿತು. ಹದಿನೇಳು ಕುರಿ ಸತ್ತವು. ಯಮುನವ್ವನ ಮೈದುನನೂ ಸತ್ತ.

"ಜೂನದಾಗ ಬಾ. ಎದ್ದ ನಿಂತಿರತಾನ. ಎಷ್ಟ ಬೇಕಾದಷ್ಟ ಫೋಟೋ ತಕ್ಕೋ," ಎಂದು ಮಜ್ಜಿಗೆ ಕೊಟ್ಟಿದ್ದಳು.

ಮುಂಭಾಗದ ಚಿತ್ರವಿಲ್ಲದೆ ದಾಖಲೆ ಪೂರ್ತಿಯಾಗುವುದಿಲ್ಲ. ಹರ್ಷದಾ ಅದನ್ನು 'ಅಪೂರ್ಣ' ಎಂದು ಉಳಿಸಿ, ಜೂನಿನಲ್ಲಿ ಮರುಭೇಟಿ ಎಂದು ಷರಾ ಬರೆದು ಬಂದಿದ್ದಳು. ಆ ಅಪೂರ್ಣ ಈಗ ಪೂರ್ಣವಾಗಿತ್ತು, ಅವಳ ಹೆಸರಿನಲ್ಲಿ.

ಮರುದಿನ ಕೊಲ್ಲಾಪುರದ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ಅವಳು ಮೆಟ್ಟಿಲ ಮೇಲಿದ್ದಳು. ಕಚೇರಿಯ ಮುಖ್ಯಸ್ಥ ಭಾವುಸಾಹೇಬ ಬೀಗ ತೆಗೆಯುತ್ತಲೇ ನಕ್ಕ. "ಅಹೋ ಮ್ಯಾಡಂ, ಬಸಾ ಬಸಾ. ಚಹಾ ಸಾಂಗತೋ," ಎಂದು ಕುರ್ಚಿ ತೋರಿಸಿ ಚಹಾ ಹೇಳಹೋದ.

"ಚಹಾ ಬ್ಯಾಡ್ರಿ ಸರ್. ನನ್ನ ಲಾಗಿನ್‌ಲೆ ಯಾರ ತುಂಬ್ಯಾರ ಇದನ್ನ?"

ಭಾವುಸಾಹೇಬ ಕಾಗದ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದ. "ಓ, ಇದಾ? ಮಾರ್ಚ್ ಎಂಡ್ ಇತ್ತಲ್ರಿ. ನಿಮ್ಮವು ನಲವತ್ತೊಂದ ದಾಖಲಿ ಅರ್ಧಾ ಉಳದಿದ್ದೂ. ಮ್ಯಾಲಿಂದ ಫೋನ್ ಮ್ಯಾಲ ಫೋನ್. ನೂರಕ್ಕ ನೂರ ಆಗಬೇಕು, ಅರ್ಧಾ ಅನ್ನೂದ ನಡ್ಯಾಂಗಿಲ್ಲ ಅಂದ್ರು. ಪಾಸ್‌ವರ್ಡ್ ಎಲ್ಲಾರದೂ ನಾನ ಕೊಟ್ಟದ್ದ ಐತಿ. ಒಂದ ತಾಸಿನಾಗ ಮುಗಿಸಿಬಿಟ್ಟಿವಿ."

"ಒಂದ ತಾಸಿನಾಗ ನಲವತ್ತೊಂದ ಊರಾಗಿದ್ದದ್ದನ್ನ ಇಲ್ಲಂದ್ರಿ."

"ಇಲ್ಲ ಅಂದಿಲ್ಲ ಮ್ಯಾಡಂ, ಕಂಡಿಲ್ಲ ಅಂದೀವಿ. ಖೋಟಾ ಏನೈತಿ ಅದರಾಗ? ಆ ಕಲ್ಲಿನ ಮಾರಿ ನೀವರೆ ಕಂಡೀರೇನು?"

ಹರ್ಷದಾ ಆ ಮೋರೆಯನ್ನು ಕಂಡಿರಲಿಲ್ಲ. ಆ ಮಾತು ನಿಜವಾಗಿದ್ದುದರಿಂದಲೇ ಅವಳ ಸಿಟ್ಟು ಪಾದದಿಂದ ನೆತ್ತಿಗೇರಿತು. ಎದುರಿನ ಕುರ್ಚಿ ಎಳೆದು, ಬಾಗಿಲಿಗೆ ಅಡ್ಡವಾಗಿ ಇಟ್ಟುಕೊಂಡು ಕೂತಳು.

"ಇದ ತೆರೀಮಟ ನೀವೂ ಹೊರಗ ಹೋಗೂದಿಲ್ಲ, ನಾನೂ ಹೋಗೂದಿಲ್ಲ."

"ಒಂದ ಕಲ್ಲಿಗಾಗಿ?"

"ನಲವತ್ತೊಂದಕ್ಕ. ನನ್ನ ಹೆಸರೀಲೆ ನಲವತ್ತೊಂದ ಸುಳ್ಳ ಬರದೀರಿ. ನಮ್ಮಪ್ಪ ಇಟ್ಟ ಹೆಸರ್ರಿ ಅದು, ನಿಮ್ಮ ಕಚೇರಿ ರಬ್ಬರ ಸಿಕ್ಕಾ ಅಲ್ಲ."

ಕಚೇರಿಯ ಹುಡುಗಿಯರು ಬಂದು ಬಾಗಿಲಲ್ಲೇ ನಿಂತರು. ಒಬ್ಬಳು ಬಾಯಿಗೆ ಓಢಣಿ ಹಿಡಿದು ನಕ್ಕಳು. ಭಾವುಸಾಹೇಬ ಮೊದಲು ಗದರಿದ, ಆಮೇಲೆ ಮರಾಠಿಯಲ್ಲಿ ಸಮಾಧಾನ ಹೇಳಿದ, ಕೊನೆಗೆ ಊಟದ ಹೊತ್ತು ಮೀರಿದಾಗ ಪುಣೆಯ ಮೇಲಿನ ಕಚೇರಿಗೆ ಫೋನ್ ಹಚ್ಚಿದ. ತೆರೆದದ್ದು ಒಂದೇ ದಾಖಲೆ, ಅದೂ ನಲವತ್ತೆಂಟು ತಾಸಿಗೆ. ಮುಂಭಾಗದ ಚಿತ್ರ ಕಡ್ಡಾಯ. ಸ್ಥಳದಲ್ಲಿ ನಿಂತು ತೆಗೆದದ್ದೇ ಆಗಬೇಕು. ಸ್ವೀಕೃತವಾಗದಿದ್ದರೆ ಅಲ್ಲಿಯೇ ಮತ್ತೆ ತೆಗೆಯಬೇಕು. ಉಳಿದ ನಲವತ್ತರ ಮಾತೆತ್ತಿದಾಗ ಅವನು ಎರಡೂ ಕೈ ಮೇಲೆತ್ತಿದ. "ಅಷ್ಟೂ ತೆರದ್ರ ನನ್ನ ಅಂಗಡೀನ ಮುಚ್ಚತೈತ್ರಿ. ಇದ ಒಂದ ತಗೊಂಡ ಹೋಗ್ರಿ. ಕೃಪಾ ಮಾಡ್ರಿ."

ಶನಿವಾರ ಬೆಳಿಗ್ಗೆ ಮುಗಳಹಟ್ಟಿಯಲ್ಲಿ ಯಮುನವ್ವ ಅವಳನ್ನು ಅಂಗಳದಲ್ಲೇ ನಿಲ್ಲಿಸಿದಳು. ನಡೆದದ್ದನ್ನೆಲ್ಲ ಹರ್ಷದಾ ಹೇಳಿದಳು. ಮುದುಕಿ ಕಡೆಯವರೆಗೂ ಕೇಳಿ, "ಅಂದ್ರ ನಿನ್ನ ಹೆಸರ ಇನ್ನೊಬ್ಬ ಬಳಸ್ಯಾನ," ಎಂದಳು. "ನೀ ಎಲ್ಲಿಟ್ಟಿದ್ದಿ ಅದನ್ನ? ಜ್ವಾಪಾನ ಇಟ್ಕೊಬಾರ್ದಾ?"

"ತಪ್ಪಾತ್ರಿ ಆಯಿ. ಈಗ ಮಾರಿ ಮ್ಯಾಗ ಮಾಡಿದ್ರಷ್ಟ ಉಳೀತೈತಿ. ಸೋಮವಾರ ಜೆಸಿಬಿ ಬಂದ್ರ ನಾನೂ ಏನೂ ಮಾಡಾಕಾಗೂದಿಲ್ಲ, ನೀವೂ ಏನೂ ಮಾಡಾಕಾಗೂದಿಲ್ಲ."

"ಕುರಿ ಬಿದ್ರಿ ಊರಾಗ ಅದಾವು. ನನ್ನ ಗಂಡ ಅದಾನ ಅವುರ ಜೋಡಿ."

"ಒಂದ ಅರ್ಧಾ ತಾಸ್ರಿ."

"ಅರ್ಧಾ ತಾಸಿನಾಗ ಟ್ರಕ್ ಬರೂದಿಲ್ಲೇನ?"

ಹರ್ಷದಾಳ ಒಳಗಿನ ಸಿಟ್ಟು ಮುದುಕಿಯ ಮೇಲೂ ತಿರುಗಲು ನೋಡುತ್ತಿತ್ತು. ಒಂದು ಕಲ್ಲನ್ನು ಹೊರಳಿಸಲು ಇಷ್ಟು ಮಾತು ಬೇಕೇ ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿದಳು. ಯಮುನವ್ವ ಫೋನು ತೆಗೆದುಕೊಂಡು ಗೋಡೆಯ ಮರೆಗೆ ಹೋದಳು. ಬಹಳ ಹೊತ್ತು ಮಾತಾಡಿದಳು. ತಿರುಗಿ ಬಂದಾಗ ಮೋರೆ ಗಡುಸಾಗಿತ್ತು.

"ಕುರಿ ಎಲ್ಲಾ ಬಲಿ ಸುತ್ತಿದ ದೊಡ್ಡ್ಯಾಗ ಹಾಕಿ ಕಟ್ಟ್ಯಾನಂತ. ಅಜ್ಜ ಮತ್ತ ಮಲಗೂಮಟ ಒಂದೂ ಹೊರಗ ಬಿಡಂಗಿಲ್ಲ. ಉಪಾಸ ನಿಂದರತಾವು. ಲಗೂನ ಮುಗಸ್ಬೇಕ ನೀ. ಮುಗದ ಮ್ಯಾಲ ಅಂವ ಮದಲ ಹ್ಯಾಂಗಿದ್ದ ಹಾಂಗ ಇರಬೇಕು. ಇರತಾನೋ ಇಲ್ಲೋ?"

"ಇರತಾನ್ರಿ."

"ಕೈ ಮ್ಯಾಲ ಕೈ ಇಟ್ಟ ಹೇಳು."

ಹರ್ಷದಾ ಆ ಒರಟು ಅಂಗೈಯ ಮೇಲೆ ತನ್ನ ಕೈಯಿಟ್ಟು ಹೇಳಿದಳು.

ನಾಲ್ಕು ಜನ ಗಂಡಸರು ಹಾರೆ ಕೊಟ್ಟು ಮೀಟಿ ಕಲ್ಲೆತ್ತಿದರು. ಹಸಿ ಮಣ್ಣು ಉದುರಿತು. ಹರ್ಷದಾ ಇದುವರೆಗೆ ನೂರಾರು ವೀರಗಲ್ಲು ನೋಡಿದ್ದಳು. ಬಿಸಿಲು ಮಳೆಗೆ ಸವೆದು, ಎಣ್ಣೆ ಕುಂಕುಮ ಮೆತ್ತಿ, ಕಣ್ಣು ಮೂಗು ಎಲ್ಲಿವೆಯೆಂದು ಬೆರಳಿಂದ ತಡವಿ ತಿಳಿಯಬೇಕಾದವು. ಇದು ನಿನ್ನೆ ಕಡೆದಿಟ್ಟ ಹಾಗಿತ್ತು. ಕೋಲು ಹಿಡಿದ ಮುಷ್ಟಿಯ ಗೆಣ್ಣುಗಳು, ಕಂಬಳಿಯ ಅಂಚಿನ ಎಳೆಗಳು, ಕಾಲ ಸಂದಿಯಲ್ಲಿ ಅಡಗಿದ ಮರಿಯ ಕಿವಿ. ವರ್ಷದ ಎಂಟು ತಿಂಗಳು ನೆಲಕ್ಕೆ ಮೋರೆ ಇಟ್ಟು ಮಲಗುವ ಕಲ್ಲು ಬೇರೆ ಹೇಗಿದ್ದೀತು! ಯಮುನವ್ವ ಮಾತ್ರ ಅದಕ್ಕೆ ಬೆನ್ನು ಮಾಡಿ, ಫೋನು ಕಿವಿಗೆ ಹಿಡಿದು ನಿಂತಿದ್ದಳು.

ಚಿತ್ರ ಹೋಯಿತು. ಅಳತೆ, ಪಟ್ಟಿಕೆ, ಶಿಲ್ಪದ ವಿವರ ತುಂಬಿದಳು. ನೆಟ್‌ವರ್ಕು ಒಂದು ಕಡ್ಡಿ ತೋರಿಸಿ ಮಾಯವಾಗುತ್ತಿತ್ತು. ಮೊದಲ ಚಿತ್ರ ಮಸುಕೆಂದು ಹಿಂದೆ ಬಂತು, ಮತ್ತೆ ತೆಗೆದಳು. ಷರಾದ ಜಾಗದಲ್ಲಿ ಮನೆತನದ ರೀತಿಯನ್ನು ಮಲಗಿಸುವುದರಿಂದ ಎಬ್ಬಿಸುವವರೆಗೆ ಬರೆದಳು. ಇಷ್ಟೇ ಅಕ್ಷರಕ್ಕೆ ಅವಕಾಶವೆಂದು ದಾಖಲೆ ಅರ್ಧವನ್ನು ಕತ್ತರಿಸಿತು. ಯಮುನವ್ವನ ಫೋನಿನಲ್ಲಿ ಗಂಡ ಧೋಂಡಿಬಾನ ಧ್ವನಿ, ಅದರ ಹಿಂದೆ ಇನ್ನೂರು ಕುರಿಗಳ ಅರಚಾಟ. "ಆತೇನ? ಅಲ್ಲೇ, ಆತೇನ? ಹರಕೊಳ್ಳಾಕತ್ತಾವು!"

ಕೊನೆಯ ಅಂಕಣ, ಶಿಫಾರಸು. ಖಾಲಿ ಬಿಡುವಂತಿಲ್ಲ. ಬರೆಯುವಂತೆಯೂ ಇಲ್ಲ, ಕೊಟ್ಟದ್ದರಲ್ಲಿ ಒಂದನ್ನು ಆರಿಸಬೇಕು. ವಸ್ತುಸಂಗ್ರಹಾಲಯಕ್ಕೆ ಸ್ಥಳಾಂತರ. ಉತ್ಖನನ. ರಾಸಾಯನಿಕ ಸ್ವಚ್ಛತೆ. ನೆಟ್ಟಗೆ ನಿಲ್ಲಿಸಿ ಭದ್ರಪಡಿಸುವುದು. ಅವಳು ಪಟ್ಟಿಯನ್ನು ಕೆಳಗಿನವರೆಗೆ ಸರಿಸಿದಳು, ಮತ್ತೆ ಮೇಲಕ್ಕೆ ಸರಿಸಿದಳು. ಇದ್ದಂತೆಯೇ ಬಿಡುವುದು ಎಂಬ ಮಾತು ಎಲ್ಲಿಯೂ ಇರಲಿಲ್ಲ.

"ಆತೇನ?" ಎಂದಳು ಯಮುನವ್ವ, ತಿರುಗದೆ.

ಇರುವುದರಲ್ಲಿ ಕಡಿಮೆ ಕೇಡಿನದು ಯಾವುದೆಂದು ನೋಡಿ ಹರ್ಷದಾ ಒಂದನ್ನು ಒತ್ತಿದಳು. ಹಸಿರು ಅಕ್ಷರ ಮೂಡಿತು: ಸ್ವೀಕೃತ.

"ಆತ್ರಿ. ಮಲಗಸ್ರಿ!"

ಕಲ್ಲು ಮಲಗಿತು. ಅತ್ತ ಬಿದ್ರಿಯಲ್ಲಿ ಧೋಂಡಿಬಾ ಬಲೆ ತೆರೆದ. ಟ್ರಕ್ಕು ಬರಲಿಲ್ಲ, ಯಾವ ಕೇಡೂ ಆಗಲಿಲ್ಲ. ಸೋಮವಾರ ಜೆಸಿಬಿ ಬಂದು, ಹೊಸ ಪ್ರಿಂಟು ನೋಡಿ, ಬೇವಿನ ಮರವನ್ನು ಎಡಕ್ಕೆ ಬಿಟ್ಟು ರಸ್ತೆ ತೋಡಿತು. ಯಮುನವ್ವ ತಾನಾಗಿಯೇ ಫೋನು ಮಾಡಿ, "ದೀಪಾವಳಿಗೆ ಬಾ ಮಗಳ, ಅಜ್ಜನ್ನ ಹ್ಯಾಂಗ ಕಳಸ್ತೇವಿ ನೋಡೀಯಂತ," ಎಂದಳು. ಜೂನ್ ಬಂತು, ಕುರಿ ಬಂದವು, ಕಲ್ಲು ಎದ್ದಿತು. ಹರ್ಷದಾ ಆ ಮಳೆಗಾಲವನ್ನು ಆಜರಾದ ಗುಡ್ಡದ ಊರುಗಳಲ್ಲಿ, ಜಿಗಣೆ ಕೀಳುತ್ತ, ಕಲ್ಲು ಅಳೆಯುತ್ತ ಕಳೆದಳು. ಉಳಿದ ನಲವತ್ತು ದಾಖಲೆಗಳ ಬಗ್ಗೆ ಪುಣೆಗೆ ಏಳು ಪತ್ರ ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ.

ದೀಪಾವಳಿಯ ಪಾಡ್ಯ ಕಳೆದ ಐದನೆಯ ದಿನ ಅವಳು ಮುಗಳಹಟ್ಟಿಯಲ್ಲಿ ಇಳಿದಳು. ಕಳಿಸುವ ಕೆಲಸ ಮುಗಿದೇ ಹೋಗಿರಬಹುದು, ತಡವಾಯಿತು ಎಂದುಕೊಳ್ಳುತ್ತಲೇ ಬಂದಳು. ಆದರೆ ದಾರಿಯ ತಿರುವಿಗೇ ಕುರಿಗಳ ಕೂಗು ಕೇಳಿಸಿತು. ಹಿಂಡು ಬೇವಿನ ಮರದ ಬಯಲಲ್ಲಿ ಒತ್ತೊತ್ತಾಗಿ ನಿಂತಿತ್ತು. ಕುದುರೆಯ ಮೇಲೆ ಬಿಡಾರದ ಸಾಮಾನು ಹೇರಿ ಆಗಿತ್ತು. ಯಾರೂ ಹೊರಟಿರಲಿಲ್ಲ.

ಮರದ ಕೆಳಗೆ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆ. ಅದಕ್ಕೆ ಬಚ್ಚಲಮನೆಯ ನಮೂನೆಯ ನೀಲಿ ಫರಸಿ. ಸುತ್ತ ಸ್ಟೀಲಿನ ಕಟಾಂಜನ, ಅದಕ್ಕೊಂದು ಬೀಗ. ನಡುವೆ ಅಜ್ಜ ಮಂಡಿಯ ತನಕ ಸಿಮೆಂಟಿನಲ್ಲಿ ಹೂತು ನೆಟ್ಟಗೆ ನಿಂತಿದ್ದ. ಕಟ್ಟುವಾಗ ಎದೆಗೆ ಸಿಡಿದ ಸಿಮೆಂಟು ಮೂರು ತಿಂಗಳ ಮಳೆಯಲ್ಲಿ ಇಳಿದು ಬಿಳಿ ಕಲೆ ಕಟ್ಟಿತ್ತು.

"ಬರ್ರಿ ಮ್ಯಾಡಂ, ಬರ್ರಿ!" ಎನ್ನುತ್ತ ಸರಪಂಚ ದಾದಾಸಾಹೇಬ ಎದುರಿಗೆ ಬಂದ. "ನಿಮ್ಮಿಂದ ನಮ್ಮ ಊರ ಉದ್ಧಾರ ಆತು. ಸುಶೋಭೀಕರಣ ಹ್ಯಾಂಗಾಗೈತಿ ನೋಡ್ರಿ. ಈ ಮಂದೀಗೆ ಹೇಳ್ರಿ ನೀವರೆ. ನಾಕ ದಿನಾ ಆತು, ಒಡೀರಿ ಅಂತ ಕೂತಾರ."

"ಯಾರ ಹೇಳ್ಯಾರ ಇದನ್ನ ಕಟ್ಟಾಕ?"

ದಾದಾಸಾಹೇಬ ಜೇಬಿನಿಂದ ಮಡಿಕೆ ಹರಿದ ಪ್ರಿಂಟು ತೆಗೆದ. ನೋಂದಣಿ ಕ್ರಮಾಂಕ, ಗ್ರಾಮ, ತಾಲೂಕು. ಷರಾದ ಅಂಕಣ ಈ ಪ್ರಿಂಟಿನಲ್ಲಿ ಇರಲೇ ಇಲ್ಲ. ಶಿಫಾರಸು: ನೆಟ್ಟಗೆ ನಿಲ್ಲಿಸಿ ಭದ್ರಪಡಿಸುವುದು. ಸರ್ವೇಕ್ಷಕಿ: ಹರ್ಷದಾ ಸಮ್ಮೇದ ಚೌಗುಲೆ. "ನೀವ ಬರದೀರಲ್ರಿ," ಎಂದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ.

ಈ ಸಲ ಬರೆದವಳು ಅವಳೇ.

ಧೋಂಡಿಬಾ ಹತ್ತಿರ ಬಂದ. ಅವಳು ಅವನನ್ನು ಕಾಣುತ್ತಿದ್ದದ್ದು ಅದೇ ಮೊದಲು. ಬಿಳಿ ಮೀಸೆಯ, ಮೆಲುಮಾತಿನ ಮುದುಕ. "ಆಕಿ ಮಗಳ ಬಾಣಂತನಕ್ಕ ಹೋಗಿದ್ಲವ್ವಾ," ಎಂದ, ತಪ್ಪೊಪ್ಪಿಕೊಳ್ಳುವವನಂತೆ. "ಕಟ್ಟಿ ಕಟ್ಟಾಕ ಗವಂಡ್ಯಾರು ಬಂದ್ರು. ನಾ ಬ್ಯಾಡ ಅಂದೆ. ಕಾಗದದಾಗ ನಿನ್ನ ಹೆಸರ ಐತಿ ಅಂದ್ರು. ಆ ಹುಡುಗಿ ಅಂದಮ್ಯಾಲ ಸಮಾ ಇರಬೇಕು ಅಂತ ಸುಮ್ಮಕಾದೆ."

ಯಮುನವ್ವ ಕಟ್ಟೆಯ ಮೂಲೆಯಲ್ಲಿ ಕೂತಿದ್ದಳು. ಬೈಯಲಿಲ್ಲ. ಶಪಿಸಲಿಲ್ಲ. "ಮದಲನ್ಯಾವ ಸುಳ್ಳ ಬರದಾ, ರೋಡ ತಪ್ಪಸ್ಕೊಂಡ್ವಿ," ಎಂದಳು. "ನೀ ಖರೇನ ಬರದಿ. ಎಲ್ಲಿ ಹೋಗೂಣು ಈಗ? ಕುರಿ ನೋಡು. ನಾಕ ದಿನದಾಗ ಊರ ಹುಲ್ಲ ತೀರೇತಿ. ಅಂವ ನಿಂತಾನ, ಇವು ನಿಂತಾವು."

ಹರ್ಷದಾ ಕಟಾಂಜನದ ಸುತ್ತ ಒಮ್ಮೆ ನಡೆದು ನೋಡಿದಳು. ಆಮೇಲೆ ಕೇಳಿದಳು: "ಚಾಣ ಐತೇನ್ರಿ ಯಾರ ಮನ್ಯಾಗರೆ? ಸಣ್ಣದು. ಒಂದ ಸುತ್ತಿಗಿ."

ದಾದಾಸಾಹೇಬ ಅಡ್ಡ ಬಂದ. "ಏನ್ ಮಾಡತೀರಿ ಮ್ಯಾಡಂ? ಸರಕಾರಿ ಕಾಮಗಾರಿ ಐತಿ. ನೋಂದಣಿ ಆದ ಕಲ್ಲ ಐತಿ. ಮುಟ್ಟಿದ್ರ ಕೇಸ್ ಆಗತೈತಿ."

"ಯಾರ ಮ್ಯಾಲ?"

"ಮುಟ್ಟಿದವ್ರ ಮ್ಯಾಲ! ನಿಮ್ಮ ಮ್ಯಾಲ!"

"ಹಂಗಾರ ಹೆಸರ ಬರಕೋರಿ. ಹರ್ಷದಾ ಸಮ್ಮೇದ ಚೌಗುಲೆ, ಶಹಾಪುರ, ಇಚಲಕರಂಜಿ. ಸ್ವಚ್ಛ ಬರೀರಿ. ಇದನ್ನ ನಾನ ನಿಂತ ಬರಸಾಕತ್ತೇನಿ."

ಓಢಣಿಯನ್ನು ಸೊಂಟಕ್ಕೆ ಬಿಗಿದು ಕಟಾಂಜನ ದಾಟಿ ಇಳಿದಳು. ಯಾರೋ ಚಾಣ ತಂದುಕೊಟ್ಟರು. ಮೊದಲ ಏಟಿಗೆ ನೀಲಿ ಫರಸಿ ಸಿಡಿದು ದಾದಾಸಾಹೇಬನ ಕಾಲ ಬಳಿ ಬಿತ್ತು. ಅವನು ಫೋನು ಹಚ್ಚುತ್ತ ದೂರ ಹೋದ.

ಫರಸಿ ಒಡೆಯುವವರೆಗೆ ಅವಳ ಕೈಯಲ್ಲಿ ಸಿಟ್ಟಿತ್ತು. ಸಿಮೆಂಟು ಕಲ್ಲಿಗೆ ತಾಗಿದ ಜಾಗ ಬಂದಾಗ ಏಟು ಸಣ್ಣದಾಯಿತು. ಒಂದು ಬೆರಳಗಲ ಬಿಡಿಸುವುದು, ಊದುವುದು, ಮತ್ತೆ ಒಂದು ಬೆರಳಗಲ. ಕಲ್ಲಿನಿಂದ ಒಂದು ಚಕ್ಕೆಯೂ ಏಳಬಾರದು. ಬಿಸಿಲೇರಿತು. ಅಂಗೈಯಲ್ಲಿ ಬೊಕ್ಕೆಯೆದ್ದು ಒಡೆದವು. ಗಂಡಸರು ಒಬ್ಬೊಬ್ಬರಾಗಿ ಬಂದು ಕಟಾಂಜನಕ್ಕೆ ಮೈಯೊತ್ತಿ ನಿಂತರು. ಒಬ್ಬ, "ತರ್ರಿಲ್ಲಿ, ನಾ ಹೊಡೀತೇನಿ," ಎಂದರೆ, "ನೀವ ಹೊಡದ್ರ ಕೇಸ್ ನಿಮ್ಮ ಮ್ಯಾಲ ಬರತೈತಿ, ಸರೀರಿ," ಎಂದು ಅವನನ್ನೂ ಗದರಿದಳು. ಗಡಹಿಂಗ್ಲಜದಿಂದ ಪೊಲೀಸಿನವನೊಬ್ಬ ಮೋಟಾರ್ ಸೈಕಲ್ಲಿನಲ್ಲಿ ಬಂದ. ಎರಡು ಸಲ ನಿಲ್ಲಿಸಲು ಹೇಳಿದ, ಅವಳು ತಲೆಯೆತ್ತಲಿಲ್ಲ. ಹೆಣ್ಣುಮಗಳನ್ನು ಮುಟ್ಟುವುದು ಹೇಗೆಂದು ತಿಳಿಯದೆ, ಮೊಬೈಲಿನಲ್ಲಿ ಅವಳ ಚಿತ್ರ ತೆಗೆದುಕೊಂಡು ಬೇವಿನ ಬೇರಿನ ಮೇಲೆ ಕೂತ.

ಸಂಜೆ ನಾಲ್ಕರ ಹೊತ್ತಿಗೆ ಕಲ್ಲು ಅಲುಗಾಡಿತು. ಹರ್ಷದಾ ಚಾಣ ಕೆಳಗಿಟ್ಟು ಎರಡೂ ಕೈ ಚಾಚಿದಳು, ಕಲ್ಲು ಬೀಳದ ಹಾಗೆ ಹಿಡಿಯಲು.

"ಕೈ ತಗಿ," ಎಂದಳು ಯಮುನವ್ವ. "ಇನ್ನ ಸರಿ ನೀ. ನಮ್ಮವರ ಮುಟ್ಲಿ."

ಹರ್ಷದಾ ಹಿಂದೆ ಸರಿದಳು. ಧೋಂಡಿಬಾ ಕಂಬಳಿ ಹಾಸಿದ. ಯಮುನವ್ವ ಸೆರಗಿನ ತುದಿಯಿಂದ ಅಜ್ಜನ ಎದೆಯ ಮೇಲಿನ ಬಿಳಿ ಕಲೆಯನ್ನು ಒರೆಸಿದಳು, ಅದು ಹೋಗಲಿಲ್ಲ. ನಾಲ್ವರು ಹಿಡಿದು ಕಲ್ಲನ್ನು ಮೋರೆ ಕೆಳಗಾಗಿ ಮಲಗಿಸಿದರು. ಬೆನ್ನಿನ ಮೇಲೆ ಭಂಡಾರ ಬಿತ್ತು. ಮುಂದಿನ ಟಗರು ಹೆಜ್ಜೆಯಿಟ್ಟಿತು, ಅದರ ಹಿಂದೆ ಇನ್ನೂರು ಕುರಿ, ಕುದುರೆ, ನಾಯಿಗಳು. ರಸ್ತೆಯ ತುಂಬ ಧೂಳೆದ್ದಿತು. ಹರ್ಷದಾ ರಕ್ತ ಹತ್ತಿದ ಅಂಗೈಗಳನ್ನು ಎದೆಗೆ ಒತ್ತಿಕೊಂಡು ಪೊಲೀಸಿನವನ ಪಕ್ಕದಲ್ಲಿ ನಿಂತು ನೋಡಿದಳು. ಹೋಗುವವರಲ್ಲಿ ಒಬ್ಬರೂ ಅವಳ ಕಡೆ ತಿರುಗಲಿಲ್ಲ.

ಸಾವಕ್ಕ ಇಲ್ಲಿಗೆ ನಿಲ್ಲಿಸಿದಳು.

"ಆಮ್ಯಾಲ?" ಎಂದಳು ಕೇಳುತ್ತ ಕೂತವರಲ್ಲಿ ಹಿರಿಯಳಾದ ಚೆನ್ನವ್ವ.

"ಆಮ್ಯಾಲೇನ? ಕೆಲಸ ಹೋತು. ಕೇಸ್ ನಡದೈತಿ, ಗಡಹಿಂಗ್ಲಜ ಕೋರ್ಟಿನಾಗ. ಬರೂ ಇಪ್ಪತ್ತಕ್ಕ ತಾರೀಖ ಐತಿ. ಆಕಿ ಜೋಡಿ ನಾನ ಹೋಗತೇನಿ."

"ಕಾಂಪೂಟರದಾಗ ಏನೈತಂತ ಈಗ?"

"ನೆಟ್ಟಗ ನಿಂತೈತಿ ಅಂತ ಐತಿ. ಫೋಟೋ ಸುದ್ದಾ ಐತಿ."

"ಆ ಯಮುನವ್ವ? ಮಾತಾಡ್ಸತಾಳೇನು?"

"ಇಲ್ಲ. ಪ್ರತಿ ತಾರೀಖಿಗೆ ಬರತಾಳ. ಕೋರ್ಟಿನ ಹೊರಗ ಗಿಡದ ಬುಡಕ ಕೂಡತಾಳ. ನಾವು ಹೊರಗ ಬಂದ ಮ್ಯಾಲ ಎದ್ದ ಹೋಗತಾಳ. ಮಾತಿಲ್ಲ."

ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕಾದ ಮನೆಗಳು. ಪಡಸಾಲೆಯ ಬಿಸಿಲು ಆಗಲೇ ಕಂಬದ ಬುಡಕ್ಕೆ ಇಳಿದಿತ್ತು. ಹೆಂಗಸರು ಮೊಣಕಾಲಿಗೆ ಕೈಯೂರಿ ಒಬ್ಬೊಬ್ಬರಾಗಿ ಎದ್ದರು. ಚೆನ್ನವ್ವ ರಾಶಿಯೊಳಗೆ ತನ್ನ ಎಡಗಾಲಿನ ಚಪ್ಪಲಿ ಹುಡುಕುತ್ತ ಎಲ್ಲರಿಗಿಂತ ಹಿಂದೆ ಉಳಿದಳು. ಸಿಕ್ಕಿದ ಮೇಲೆ ಅವಳೂ ಮಗ್ಗದ ಓಣಿಗೆ ಇಳಿದು ಮನೆಗೆ ಹೋದಳು.